ಕೂರಬಾರದ ಮನೆ

ಒಂದಾನೊಂದು ಕಾಲವಂತೆ, ಏಳು ಸಮುದ್ರದಾಚೆ ಸದಾ ಮಂಜು ಮುಸುಕಿರೋ ಒಂದು ಊರಂತೆ. ಆ ಊರಿನ ಕಲ್ಲಿನ ಚರ್ಚಿಗೆ ಪಾಯ ತೋಡಿದವರು ಅಜ್ಜಂದಿರು, ಮುಗಿಸಬೇಕಾದವರು ಮೊಮ್ಮಕ್ಕಳು. ಅಲ್ಲೇ ಸುಣ್ಣ ಕಲಸಿ, ಕಲ್ಲು ಹೊತ್ತು ಸವೆದುಹೋದವಳು ಆಗ್ನೆಸಮ್ಮ. ಅವಳ ಗಂಡ ವಾಲ್ಟರ ಕಂಬ ನಿಲ್ಲಿಸ್ತಾ ನಿಲ್ಲಿಸ್ತಾನೇ ತೀರಿಕೊಂಡಿದ್ದ. ಕೆಲಸ ಮುಗಿದ ದಿನ ಪ್ರಾರ್ಥನೆಯಲ್ಲಿ, ಕಟ್ಟಿ ಸತ್ತವರ ಹೆಸರನ್ನೆಲ್ಲ ಕೂಗಿ ಹೇಳ್ತಾರಂತೆ. ಗಂಡನ ಆ ಒಂದು ಹೆಸರು ಕಿವಿಗೆ ಬಿದ್ದರೆ ಸಾಕಪ್ಪಾ ಅಂತಿದ್ದಳಂತೆ ಆಗ್ನೆಸಮ್ಮ. ಆದರೆ ದೇವರ ಮನೇಲಿ ಯಾರೂ ಕೂರೋ ಹಾಗಿಲ್ಲ, ಕೂತವರು ಆಚೆಗೆ. ಅವಳ ಮಂಡಿಯೋ, ನಿಂತ ಗಳಿಗೆಗೇ ನಡುಗೋದು.

ಅವಳಿಗೆ ಮೂರು ಗಂಡುಮಕ್ಕಳು. ದೊಡ್ಡವನು ವಿಲ್ಯಂ ಗೋಪುರ ಎತ್ತಿದ. ಅಮ್ಮಾ, ಮೂರೂರಿಗೂ ಕಾಣುತ್ತೆ ನೋಡು ಅಂದ. ಅವಳಿಗೆ ಕತ್ತೆತ್ತೋಕೂ ತ್ರಾಣವಿಲ್ಲ. ಆಮೇಲೆ ನಡುವಿನವನು ಹ್ಯೂ ಗೋಡೆ ಕೊರೆದು ದೊಡ್ಡ ದೊಡ್ಡ ಕಿಟಕಿ ಬಿಟ್ಟು ಬಣ್ಣದ ಗಾಜು ಕೂರಿಸಿದ. ಚೆನ್ನಾಗಿದೆ ಮಗನೇ ಅಂದಳು, ಕಂಬ ಹಿಡ್ಕೊಂಡು. ಆದರೆ ಅಷ್ಟು ಕಲ್ಲು ತೆಗೆದ ಮೇಲೆ ಗೋಡೆ ಸುಮ್ಮನಿರುತ್ತಾ? ಸೂರಿನ ಭಾರಕ್ಕೆ ತಲೆ ಹೊರಗೆ ವಾಲಿ, ಬುಡ ಒಳಗೆ ಜಾರೋಕೆ ಶುರುವಾಯ್ತಂತೆ. ಆಮೇಲೆ ಕಿರಿಯವನು ತೋಮ ಗೋಡೆಯ ಬುಡಕ್ಕೆ ಒಳಗಡೆಯಿಂದ ಮಂಡಿಯೆತ್ತರ ಕಲ್ಲು ಜೋಡಿಸಿದ. ಇದೇನೋ, ದನ ಕಟ್ತೀಯಾ, ಗೋದಲಿ ಥರ ಇದೆ ಅಂತ ಅಣ್ಣಂದಿರು ನಕ್ಕರು. ಬುಡ ಜಾರ್ತಿದೆ ಕಣಣ್ಣ, ಒತ್ತು ಕೊಟ್ಟಿದೀನಿ ಅಂದ ಅಷ್ಟೆ.

ಆಮೇಲೆ ಆ ದಿನ ಬಂತು. ಪ್ರಾರ್ಥನೆ ಮುಗಿಯೋದೇ ಇಲ್ಲ, ಹೆಸರು ಬರೋದೇ ಇಲ್ಲ. ಆಗ್ನೆಸಮ್ಮ ಕಾಲು ಸೋತು, ತೋಮ ಜೋಡಿಸಿದ ಆ ಕಲ್ಲಿನ ಮೇಲೆ ಕುಸಿದಳು. ಪಾದ್ರಿ ಓದೋದು ನಿಲ್ಲಿಸಿದ. ಏಳಮ್ಮ, ಇಲ್ಲಾ ಆಚೆ ನಡಿ ಅಂದ.

ಅವಳು ಬೆನ್ನನ್ನ ಗೋಡೆಗೆ ಇನ್ನೂ ಒತ್ತಿ, ನಾನೆಲ್ಲಿ ಕೂತಿದೀನಿ ಸ್ವಾಮಿ, ಗೋಡೆಗೆ ಒತ್ತು ಕೊಡ್ತಿದೀನಿ, ಎದ್ದರೆ ಬೀಳುತ್ತೆ ಅಂದಳಂತೆ.

ಪಾದ್ರಿ ಗೋಡೆ ನೋಡಿದ. ವಾಲಿದ್ದು ಕಾಣಿಸ್ತು. ಏಳಬೇಡ ತಾಯಿ, ಏಳಬೇಡ ಅಂದ. ಅಷ್ಟು ಕೇಳಿದ್ದೇ ತಡ, ನಾವೂ ಒತ್ತು ಕೊಡ್ತೀವಿ ಸ್ವಾಮಿ ಅಂತ ಊರಿನ ಮುದುಕ ಮುದುಕಿಯರೆಲ್ಲ ಸಾಲಾಗಿ ಬಂದು ಆ ಕಲ್ಲಿನ ಮೇಲೆ ಕೂತು ಗೋಡೆಗೊರಗಿದರಂತೆ.

ಆಮೇಲೆ ಹೆಸರು ಓದಿದರು. ಕಲ್ಲುಕುಟಿಗ ವಾಲ್ಟರ. ನಿನ್ನ ಗಂಡ ಅಲ್ವೇನೇ ಅಂತ ಪಕ್ಕದ ಮುದುಕಿ ತಿವಿದಳು. ಹೌದು ಕಣೇ, ಕೇಳಿಸ್ತು, ಸ್ವಲ್ಪ ಜರುಗು, ಕಾಲು ಚಾಚ್ಕೋತೀನಿ ಅಂದಳಂತೆ ಆಗ್ನೆಸಮ್ಮ.

ಗೋಡೆ ಬೀಳಲಿಲ್ಲ, ಅವರನ್ನ ಯಾರೂ ಏಳಿಸಲಿಲ್ಲ. ಕತೆಗೂ ಸುಸ್ತಾಯ್ತು, ಇಲ್ಲಿಗೆ ಸಾಕಂತೆ.