ಐದನೇ ಚೌಕ

ಉಪ್ಪಿನ ಜಾಡಿ ಮೇಲೆ ಕೈ ಇಡು ಚೆನ್ನಾಜಿ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡು.

ನಿನ್ ಗಂಡಂಗೂ ಹೇಳ್ಕೂಡ್ದು. ಅವನಿಗೆ ಹೇಳೋದೂ ಒಂದೇ, ಹಾಲಿನ ಡೈರಿ ಮುಂದೆ ಮೈಕು ಹಾಕೋದೂ ಒಂದೇ.

ಇಟ್ಯಾ? ಸರಿ, ಕೇಳು.

ಹೊಳೆ ದಡದಲ್ಲಿ ಪರ್ವತಯ್ಯ ಮೇಷ್ಟ್ರ ಗುಡ್ಲು ಐತಲ್ಲ, ಎಲ್ರೂ ಆಶ್ರಮ ಅಂತಾರಲ್ಲ, ಅದೇ. ಎಂಥ ಆಶ್ರಮ ಬಿಡು. ನಾಲ್ಕು ಸೋಗೆ, ಒಂದು ಲಾಟೀನು, ಗಡ್ಡ ಬಿಟ್ಟ ಮೇಷ್ಟ್ರು.

ಅಲ್ಲಿಗೆ ನಮ್ಮ ಬೀದಿ ದೇವೀರಿ ದಿನಾ ಹೋಗ್ತಾಳೆ. ಯಾಕೆ ಅಂತ ನಾನು ಬೇರೇನೇ ಅಂದ್ಕೊಂಡಿದ್ದೆ. ನಾಕು ಜನಕ್ಕೆ ಹೇಳೂ ಹೇಳಿದ್ದೆ. ಅದಲ್ವಂತೆ. ಪೊಲೀಸ್ ಕೆಲಸದ ಪರೀಕ್ಷೆಗೆ ಪಾಠ ಹೇಳಿಸ್ಕೊಳ್ಳೋಕಂತೆ.

ಬೇರೆ ಎಲ್ಲಾ ಬತ್ತದೆ ಅವಳಿಗೆ. ಚಿತ್ರದ ಲೆಕ್ಕ ಅಂತ ಒಂದು ಐತಂತೆ, ಅದು ಮಾತ್ರ ಬರಲ್ಲ. ನಾಲ್ಕು ಚೌಕ ಕೊಡ್ತಾರಂತೆ. ಒಳಗೆ ಬಾಣ, ಚುಕ್ಕಿ, ಗೆರೆ. ಚೌಕದಿಂದ ಚೌಕಕ್ಕೆ ಬದಲಾಗ್ತಾ ಹೋಗ್ತದಂತೆ. ಐದನೇದು ಖಾಲಿ. ಅದರಲ್ಲಿ ಏನು ಬರ್ಬೇಕು, ಕೆಳಗಿರೋ ಉತ್ತರದಲ್ಲಿ ಆರಿಸ್ಬೇಕಂತೆ.

ನಾಲ್ಕು ಸಲ ಬರೆದ್ಲು. ನಾಲ್ಕು ಸಲಾನೂ ಡುಮ್ಕಿ. ಇದು ಐದನೇದು, ಇದೇ ಕೊನೇದು. ಆಮೇಲೆ ವಯಸ್ಸು ದಾಟೋಗ್ತದೆ.

ಎರಡನೇ ಸಲ ಡುಮ್ಕಿ ಆದಾಗ ನಮ್ಮನೆ ಮುಂದೇನೇ ಹೋಗ್ತಿದ್ಲು. 'ಈ ಸಲಾನೂ ಹೋಯ್ತೇನೇ?' ಅಂತ ಕೇಳ್ದೆ. ಅಷ್ಟೇ. ಕೇಳೋದ್ರಲ್ಲೇನು ತಪ್ಪು? ಅವತ್ತಿಂದ ಈ ಕಡೆ ತಲೆ ಎತ್ತಿ ನೋಡಿಲ್ಲ, ಕೊಬ್ಬು ನೋಡು.

ಶನಿವಾರ ಬೆಳಿಗ್ಗೆ ನಾನು ಹೊನಗೊನ್ನೆ ಸೊಪ್ಪು ಕುಯ್ಯೋಕೆ ಹೊಳೆಗೆ ಹೋಗಿದ್ದೆ. ಜೊಂಡಿನ ಹಿಂದೆ ಕೂತಿದ್ದೆ. ಬಚ್ಚಿಟ್ಕೊಂಡಿರ್ಲಿಲ್ಲ, ಸೊಪ್ಪು ಅಲ್ಲೇ ಇತ್ತು.

ಮೇಷ್ಟ್ರು ಒದ್ದೆ ಮರಳಲ್ಲಿ ಕೋಲು ತಗೊಂಡು ಐದು ಚೌಕ ಬರೆದ್ರು.

"ಪ್ರತಿ ಸಲ ಏನು ತಪ್ಪು ಮಾಡ್ತೀಯ?" ಅಂದ್ರು.

"ಗೊತ್ತಿಲ್ಲ ಸಾರ್. ಏನು ಬದಲಾಗ್ತದೆ ಅಂತ ಹುಡುಕ್ತೀನಿ. ಸಿಕ್ತದೆ. ಗುರುತು ಹಾಕ್ತೀನಿ. ತಪ್ಪಾಗಿರ್ತದೆ."

"ಮೊದಲನೇ ಚೌಕದಲ್ಲಿ ನಿಲ್ಲು. ಹೊಳೆ ಕಡೆ ಮುಖ ಮಾಡು. ಮೊದಲನೇ ಸಲ ಪರೀಕ್ಷೆಗೆ ಹೋದಾಗ ಹೆಂಗಿದ್ದೆ, ಹಂಗೆ ನಿಲ್ಲು."

ನಿಂತ್ಲು. ನಗ್ತಾ ನಿಂತ್ಲು. ಪಾದ ಹೂತುಕೊಳ್ತು.

"ಎರಡನೇದಕ್ಕೆ ಬಾ. ಆ ಮನೆ ಕಡೆ ತಿರುಗು. ಎರಡನೇ ಸಲ ಹೆಂಗಿದ್ದೆ?"

ಆ ಮನೆ ಅಂದ್ರೆ ನಮ್ಮನೆ ಕಣೇ. ಬೀದಿ ತುದೀದು, ಹೊಳೆಯಿಂದ ಕಾಣೋದು ಅದೊಂದೇ.

ನಿಂತ್ಲು. ಈ ಸಲ ನಗ್ಲಿಲ್ಲ.

ಮೂರನೇದರಲ್ಲಿ ಊರ ಕಡೆ ತಿರುಗಿಸಿದ್ರು. ನಾಲ್ಕನೇದರಲ್ಲಿ ಗುಡ್ಲ ಕಡೆ.

"ಈಗ ಈಚೆ ಬಾ. ನೋಡು. ಐದನೇದು ಏನು?"

ದೇವೀರಿ ತಿರುಗಿ ನೋಡಿದ್ದೇ ತಡ, ಕೈ ಚಪ್ಪಾಳೆ ಹೊಡೆದ್ಲು.

"ಸುಲಭ ಸಾರ್! ಗಡಿಯಾರದ ಮುಳ್ಳಿನಂಗೆ ತಿರುಗ್ತಾ ಬಂದೈತೆ. ಐದನೇದು ಮತ್ತೆ ಹೊಳೆ ಕಡೆ."

"ಇದೇ ನಿನ್ ತಪ್ಪು. ಒಂದು ಸಿಕ್ಕಿದ ಕೂಡ್ಲೇ ನೋಡೋದು ನಿಲ್ಲಿಸ್ತೀಯ. ತಿರುಗೋದನ್ನ ನೋಡ್ದೆ. ಕಮ್ಮಿ ಆಗೋದನ್ನ ನೋಡ್ಲಿಲ್ಲ."

ಅವಳು ಬಗ್ಗಿ ನೋಡಿದ್ಲು. ನಾನೂ ಜೊಂಡು ಸರಿಸಿ ನೋಡ್ದೆ.

ಏನ್ ಕಂಡೆ ಕೇಳು ಚೆನ್ನಾಜಿ.

ಮೊದಲನೇ ಚೌಕದಲ್ಲಿ ಹೆಜ್ಜೆ ಗುಳಿ ಬಿದ್ದು ನೀರು ನಿಂತಿತ್ತು. ಎರಡನೇದರಲ್ಲಿ ಬರೀ ಬೆರಳುದ್ದ ಆಳ. ಮೂರನೇದರಲ್ಲಿ ಹಪ್ಪಳ ಇಟ್ಟು ತೆಗೆದಂಗೆ. ನಾಲ್ಕನೇದರಲ್ಲಿ ಕೋಳಿ ನಿಂತಿದ್ರೂ ಇನ್ನೂ ಚೆನ್ನಾಗಿ ಮೂಡ್ತಿತ್ತು.

ಅದೇ ಮರಳು, ಅದೇ ಹುಡುಗಿ. ಅವರು ಹೋದ್ಮೇಲೆ ನಾನು ನಾಲ್ಕನೇದರ ಪಕ್ಕ ಕಾಲಿಟ್ಟು ನೋಡ್ದೆ. ಮೀನಖಂಡದ ತನಕ ಹೋಯ್ತು. ನಗಬೇಡ.

ದೇವೀರಿ ನಾಲ್ಕನೇ ಚೌಕದ ಮೇಲೆ ಬೆರಳಾಡಿಸಿದ್ಲು. ಆಮೇಲೆ ಮೆಲ್ಲಗೆ ಅಂದ್ಲು.

"ಐದನೇದು ಹೊಳೆ ಕಡೆ ಸಾರ್. ಆದ್ರೆ ಹೆಜ್ಜೆ ಇರಲ್ಲ."

"ಈಗ ಸರಿ. ಆ ಚೌಕಕ್ಕೆ ಕಾಲಿಡ್ಬೇಡ. ನಾಳೆ ಪರೀಕ್ಷೆಗೂ ಹೋಗ್ಬೇಡ."

"ವಯಸ್ಸು ಮುಗೀತದೆ ಸಾರ್! ಕೆಲಸ?"

"ಕೆಲಸ ಮಾಡೋಕೆ ನೀನು ಇರ್ಬೇಕಲ್ಲ ಮಗಳೇ."

"ಇದೊಂದು ಪಾಸಾದ್ರೆ ಎಲ್ಲಾ ವಾಪಸ್ ಬತ್ತದೆ ಸಾರ್. ಜನದ ಬಾಯಿ ಮುಚ್ತದೆ."

ಯಾವ ಜನವೋ ಏನೋ.

ಮೇಷ್ಟ್ರು ಕೋಲು ಹೊಳೆಗೆ ಎಸೆದು ಒಳಗೆ ಹೋದ್ರು.

ಈಗ ನೆನೆಸ್ಕೊಂಡ್ರೆ ನಿಜಾನೇ ಅನಿಸ್ತದೆ. ಮೊದಲು ಆ ಹುಡುಗಿ ನಗೋದು ಬೀದಿ ತುದಿಗೆ ಕೇಳ್ತಿತ್ತು. ಆಮೇಲೆ ಮನೆ ಬಾಗಿಲ ತನಕ. ಈಚೆಗೆ ಪಕ್ಕದಲ್ಲಿ ಕೂತು ಮಾತಾಡಿದ್ರೂ 'ಏನಂದೆ?' ಅನ್ಬೇಕು. ಎದುರುಮನೆ ನಾಯಿ ಅವಳು ಹಾದುಹೋದ್ರೆ ಬೊಗಳೋದನ್ನೇ ಬಿಟ್ಟೈತೆ. ನನ್ನ ಕಂಡ್ರೆ ಮಾತ್ರ ಬೊಗಳ್ತದೆ, ಮುಂಡೇದು.

ನಿನ್ನೆ ಭಾನುವಾರ. ಹೋದ್ಲು ಪರೀಕ್ಷೆಗೆ.

ಇವತ್ತು ಬೆಳಿಗ್ಗೆ ಮೇಷ್ಟ್ರ ಗುಡ್ಲ ಹಿಂದೆ ಬೆರಣಿ ತಟ್ತಿದ್ದೆ. ಗೋಡೆ ಸೋಗೇದು, ಕಿವಿ ಕೊಡೋದೇನೂ ಬೇಕಿಲ್ಲ.

"ಸಾರ್, ಚಿತ್ರದ ಲೆಕ್ಕ ಅಷ್ಟೂ ಸರಿ ಬರೆದೆ," ಅಂದ್ಲು. "ಮೊದಲು ಕೆಳಗಿನ ಉತ್ತರಗಳ ಮೇಲೆ ಅಂಗೈ ಮುಚ್ಚಿಟ್ಟೆ. ಒಂದು ಬದಲಾವಣೆ ಸಿಕ್ಕಿದ್ಮೇಲೂ ನೋಡ್ತಾನೇ ಇದ್ದೆ. ಇನ್ನೊಂದು ಸಿಕ್ತು. ಪಾಸಾಗ್ತೀನಿ ಸಾರ್."

"ಸಂತೋಷ," ಅಂದ್ರು ಮೇಷ್ಟ್ರು. ಸಂತೋಷದ ದನಿ ಅಲ್ಲ ಅದು.

"ಬರ್ತಾ ಹೊಳೆ ದಡಕ್ಕೆ ಹೋಗಿದ್ದೆ. ಐದನೇ ಚೌಕ ಅಳಿಸಿರ್ಲಿಲ್ಲ. ಅದರಲ್ಲಿ ನಿಂತೆ."

"ಈಚೆ ಬಂದು ನೋಡ್ದೆಯಾ?"

"ನೋಡ್ದೆ."

"ಏನಿತ್ತು?"

ಬೆರಣಿ ಕೈಯಲ್ಲೇ ಒಣಗೋಯ್ತು ನಂಗೆ.

"ನಿಮ್ಮ ಉತ್ತರ ಸರಿ ಇತ್ತು ಸಾರ್."

"ನನ್ನದಲ್ಲ ಅದು. ನೀನು ಹೇಳಿದ ಉತ್ತರ."

ಆಗ ಅಳು ಬಂತು ಅವಳಿಗೆ. "ಈಗ ಎಲ್ಲಿಗೆ ಹೋಗ್ಲಿ ಸಾರ್? ಆರನೇದು ಎಲ್ಲಿ?"

ಅದಕ್ಕೆ ಮೇಷ್ಟ್ರು ಏನಂದ್ರು ಗೊತ್ತಾ...

ತಡಿ. ನಮ್ಮನೆ ಬಾಗಿಲು ಸದ್ದಾಯ್ತು.

ನೀನು ಕೂತ್ಕೋ, ನಾನೇ ಕಿಟಕಿಯಿಂದ ನೋಡ್ತೀನಿ. ಯಾರೂ ಕಾಣಲ್ಲ. ಅಂಗಳ ಈಗ ತಾನೇ ಸಾರಿಸಿದ್ದು, ಸಗಣಿ ಹಸಿ ಹಸಿ ಐತೆ. ಒಂದು ಹೆಜ್ಜೇನೂ ಬಿದ್ದಿಲ್ಲ.

ಮತ್ತೆ ಬಡೀತು. 'ಅಕ್ಕಾ' ಅಂದಂಗಾಯ್ತು. ನಿಂಗೂ ಕೇಳಿಸ್ತಾ?

ಬಂದೆ ಕಣವ್ವಾ, ಬಂದೆ! ಚೆನ್ನಾಜಿ, ನನ್ ಕೈ ಬಿಡಬೇಡ್ವೇ. ಮೇಷ್ಟ್ರು ಏನಂದ್ರು ಅಂತ ತಾನೇ ಕೇಳ್ತಿದೀಯ? ಇಷ್ಟೇ ಅಂದ್ರು ಕಣೇ...

"ಆರನೇದನ್ನೂ ನಾನೇ ಹೇಳ್ಬೇಕಾ ಮಗಳೇ? ಎರಡನೇದು ಯಾರ ಮನೆ ಕಡೆ ತಿರುಗಿತ್ತು?"