ಅರ್ಧರ್ಧ ಹೋಗುವ ಅತಿಥಿ

ಡಂಗುರ ಹೀಗೆ ಸಾರಿತು: ರಾಜಕುಮಾರಿ ಸೋವಲೆ ಹೇಳುವ ಮೂರು ಒಗಟು ಬಿಡಿಸಿದವನಿಗೆ ಅವಳೊಂದಿಗೆ ಮದುವೆ, ಅವಳ ತಾಯಿಯಿಂದ ಬಂದ ಕರಿಕೋಟೆಯ ಗದ್ದುಗೆ. ಸೋತವನಿಗೆ ಕತ್ತಿ. ಒಗಟಿನ ಪಣ ಮಗಳದು, ಸಭೆಯ ಮುಂದೆ ಅವಳು ಕೇಳಿದ್ದನ್ನು ಇಲ್ಲವೆನ್ನಲಾಗದೆ ಅಪ್ಪ ಕಾಟರಸ ತನ್ನ ಕಡೆಯಿಂದ ಕತ್ತಿಯನ್ನು ಸೇರಿಸಿದ್ದ.

ಸೋವಲೆ ಪರದೆಯ ಹಿಂದೆ ಮಲಗಿಯೇ ಇರುತ್ತಿದ್ದಳು. ಮಧ್ಯಾಹ್ನಕ್ಕೆ ಸ್ವಲ್ಪ ಎಚ್ಚರ, ಆಗಷ್ಟೇ ಒಗಟು. ಆಮೇಲೆ ಅರಸ ತಾನೇ ಹಾಲಿನ ಬಟ್ಟಲು ಹಿಡಿದು ಕುಡಿಸುತ್ತಿದ್ದ. ಮಗಳ ಮೇಲೆ ಎಂಥ ಪ್ರೀತಿ ಎಂದು ಊರು ಹೊಗಳುತ್ತಿತ್ತು. ಎಲುಬಿಲ್ಲದ ನಾಲಿಗೆ, ಏನನ್ನಾದರೂ ಹೊಗಳೀತು.

ಲಾಯಕ್ಕೆ ಹುಲ್ಲು ತಂದಿದ್ದ ಕೆಂಚ ಅವತ್ತು ಸಭೆಯ ಬಾಗಿಲಲ್ಲಿ ನಿಂತ. ಪರದೆಯ ಹಿಂದಿನಿಂದ ಎಳೆದೆಳೆದು ದನಿ ಬಂತು:

"ಒಬ್ಬ ಅತಿಥಿ ಬಾಯಿಂದ ಬಂದು, ಕೆಂಪು ಹೊಳೆಯಲ್ಲಿ ಊರೆಲ್ಲ ಸುತ್ತಿ, ಮನೆಯೊಡತಿಯನ್ನೇ ಮಲಗಿಸುತ್ತಾನೆ. ಯಾರವನು? ಜಾವಕ್ಕೊಮ್ಮೆ ಇದ್ದುದರಲ್ಲಿ ಅರ್ಧ ಹೊರಟುಹೋಗುತ್ತಾನೆ. ಯಾವ ದಾರಿಯಿಂದ? ಹೀಗೆ ಹೋಗುತ್ತಲೇ ಇದ್ದರೂ ಅವನ ಕಾಟ ಯಾಕೆ ಮುಗಿಯುವುದಿಲ್ಲ?"

ಒಬ್ಬ ರಾಜಕುಮಾರ ಸೂರ್ಯ ಎಂದ. ಇನ್ನೊಬ್ಬ, ಅವನು ಮನ್ಮಥ, ಕಣ್ಣಿನ ದಾರಿಯಿಂದ ಹೋಗುತ್ತಾನೆ ಎಂದ. ಇಬ್ಬರ ರಕ್ತವನ್ನೂ ಆಳುಗಳು ತೊಳೆದರು. ಪರದೆಯ ಹಿಂದೆ ಬಿಕ್ಕಿದ ಸದ್ದಾಯಿತು.

ಕೆಂಚನ ತಾಯಿ ಸಾಯುವ ಮುಂಚೆ, ನೋವಿಗೆ ವೈದ್ಯರು ಕೊಟ್ಟ ಮದ್ದು ಕುಡಿದು ಹೀಗೇ ಎಳೆದು ಮಾತಾಡುತ್ತಿದ್ದಳು. ಇದು ಒಗಟಲ್ಲ, ಕಾಪಾಡಿ ಎನ್ನುವ ಕೂಗು ಅನ್ನಿಸಿತು ಅವನಿಗೆ. ಮುಂದೆ ಬಂದ.

"ಅತಿಥಿ ಅಂದ್ರೆ ಮದ್ದು ಬುದ್ಧೀ, ರಕ್ತದಲ್ಲಿ ಸುತ್ತುತ್ತೆ. ಹೊಟ್ಟೇಲಿ ಪಿತ್ತ ಹುಟ್ಟಿಸೋ ಈಲಿ ಅದನ್ನ ಕರಗಿಸುತ್ತೆ, ಆಮೇಲೆ ಉಚ್ಚೇಲಿ ಹೋಗುತ್ತೆ. ನಮ್ಮವ್ವನ ಬಟ್ಟೆ ಒಗೆಯೋವಾಗ ಅದೇ ಮದ್ದಿನ ವಾಸನೆ."

ಸಭೆ ಮುಖ ಸಿಂಡರಿಸಿತು. ಆ ಮಾತನ್ನು ರಾಜಕುಮಾರರು ಸತ್ತರೂ ಹೇಳುತ್ತಿರಲಿಲ್ಲ, ಸತ್ತೂ ಹೋದರು.

"ಅರ್ಧ, ಅರ್ಧದಲ್ಲಿ ಅರ್ಧ ಅಂತ ಇಳಿದೇ ಇಳಿಯುತ್ತೆ. ಪೂರ್ತಿ ಇಳಿಯೋಕೆ ಮುಂಚೆ ಯಾರೋ ಮತ್ತೆ ಹುಯ್ತಾವ್ರೆ. ಅದಕ್ಕೇ ಮುಗಿಯಾಕಿಲ್ಲ."

ಯಾರೆಂದು ಅರಸ ಮೆಲ್ಲಗೆ ಕೇಳಿದ. ಹೆಸರು ಹೇಳಿದರೆ ತಲೆ ಉರುಳುತ್ತದೆಂದು ಕೆಂಚನಿಗೆ ಗೊತ್ತಿತ್ತು.

"ಇವತ್ತಿನ ಹಾಲು ನೀವೇ ಕುಡೀರಿ, ಬುದ್ಧೀ."

ಮಗಳ ಮದುವೆಯಾದರೆ ಗದ್ದುಗೆ ಬಿಡಬೇಕಾದವನು ಅರಸನೊಬ್ಬನೇ ಎಂಬುದು ಸಭೆಗೆ ಆಗ ಹೊಳೆಯಿತು. ಕುಡಿಯದಿದ್ದರೆ ತಪ್ಪೊಪ್ಪಿಕೊಂಡಂತೆ. ಕಾಟರಸ ಕುಡಿದ. ಕಣ್ಣು ತೆರೆದಿದ್ದಂತೆಯೇ ಕುಳಿತಲ್ಲಿ ನಿದ್ದೆ ಹೋದ.

ಮರುದಿನ ಸೋವಲೆ ತಾನೇ ಪರದೆ ಸರಿಸಿ ಹೊರಬಂದಳು. ಅಪ್ಪನಿಗೆ ಮತ್ತೆ ಮದ್ದು ಹುಯ್ಯಬೇಡಿ, ಇಳಿಯಲಿ, ಎದ್ದು ನನ್ನ ಮುಖ ನೋಡಲಿ ಎಂದಳು. ತಾನು ಮಲಗಿ ಎಷ್ಟು ಕಾಲವಾಯಿತು ಎಂದು ಕೆಂಚನನ್ನು ಕೇಳಿದಳು.

"ನಾನು ಹುಟ್ಟೋಕೆ ಮುಂಚೆಯಿಂದ, ತಾಯೀ."

ಅವಳು ಜಡೆಯನ್ನು ಮುಂದಕ್ಕೆ ತಂದು ನೋಡಿದಳು. ನರೆತಿತ್ತು. ಬಹಳ ಹೊತ್ತು ಅತ್ತಳು. ಮದುವೆಯ ಮಾತೆತ್ತಿದ ಮಂತ್ರಿಯನ್ನು ತಡೆದು, ಕೆಂಚನನ್ನು ಗದ್ದುಗೆಯಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು.

"ತಾಯಿ ಅಂದೆಯಲ್ಲ, ಇನ್ನು ಹಾಗೇ ಕರೆ."