ಸುಣ್ಣದ ಗೆರೆ ದಾಟಿದ ಕಾಲು

ಕೇಳ್ರೀ ಇಲ್ಲಿ, ನಮ್ಮ ಚೌಡಮ್ಮತ್ತೆ ಪುರಸಭೆ ಎಂಜಿನಿಯರನ್ನೇ ನೆಲದ ಮೇಲೆ ಮಲಗಿಸಿದ ಕತೆ ಇದು!

ನಮ್ಮ ಮಗ್ಗದ ಕೇರೀಲಿ ಒಂದೊಂದು ಬಾಡಿಗೆ ಕೋಣೇಲಿ ಎರಡೆರಡು ಸಂಸಾರ. ಕೊನೆಗೂ ನಲವತ್ತು ಮನೆಯವ್ರಿಗೆ ಸೈಟು ಸಿಕ್ತು, ಹದಿನೈದಡಿಗೆ ಇಪ್ಪತ್ತಡಿ. ಆದ್ರೆ ಆ ಎಂಜಿನಿಯರು, ಆರಡಿ ಆಳು, "ನಾಲ್ಕೂ ಕಡೆ ಐದೈದಡಿ ಬಿಟ್ಟು ಕಟ್ಟಿ. ಗೆರೆ ದಾಟಿದ್ದೆಲ್ಲ ಒಡೆಸ್ತೀನಿ" ಅಂದ್ಬಿಟ್ಟ! ಹಂಗೆ ಬಿಟ್ರೆ ಉಳಿಯೋದೇನು ಹೇಳಿ?

ಅತ್ತೆ ಗಾರೆ ಕೆಲಸದವಳು. ವಾದ ಮಾಡ್ಲೇ ಇಲ್ಲ. ನಮ್ಮ ಸೈಟಿನ ಗುದ್ದಲಿ ಪೂಜೆಗೆ ಅವನನ್ನೇ ಕರೆದ್ಲು. ಪಾಯಕ್ಕೆ ಗುರುತು ಹಾಕೋ ಹಂಗೆ ಸುಣ್ಣದ ಗೆರೆ ಎಳೆದ್ಲು, ಅವನು ಹೇಳಿದಷ್ಟೂ ಬಿಟ್ಟು. ಒಲೆಗೊಂದು ಗೆರೆ, ಬಚ್ಚಲಿಗೊಂದು ಗೆರೆ. ಮಲಗೋಕೆ ಉಳಿದಿದ್ದು ಐದಡಿಗೆ ನಾಲ್ಕಡಿ. ಅಲ್ಲಿ ಚಾಪೆ ಹಾಸಿದ್ಲು.

"ಸಾಲ್ದೇನಮ್ಮ ಒಂದು ಸಂಸಾರಕ್ಕೆ?" ಅಂದ ಎಂಜಿನಿಯರು.

"ನೀವೇ ಮಲಗಿ ನೋಡಿ ಹೇಳಿ ಸ್ವಾಮಿ. ದೊಡ್ಡವ್ರು ಮೊದ್ಲು ಮೈ ಚಾಚಿದ್ರೆ ಮನೆಗೆ ಒಳ್ಳೇದು."

ಪೂಜೆಗೆ ಸೇರಿದ್ದ ಅಷ್ಟು ಜನರೆದುರು ಹಿಂದೆ ಸರೀತಾನಾ? ಮಲಗೇಬಿಟ್ಟ! ತಲೆ ಈಚೆ ಗೆರೆಗೆ ತಾಗ್ತು, ಕಾಲು ಆಚೆ ಗೆರೆ ದಾಟ್ತು.

ಅತ್ತೆ ಟೇಪು ಹಿಡಿದು ಅಳೆದ್ಲು. "ಒಂದಡಿ ಒತ್ತುವರಿ ಸ್ವಾಮಿ. ಒಡೆಸ್ಲಾ?"

ದಡಕ್ಕಂತ ಕಾಲು ಎಳ್ಕೊಂಡ! ಕೇರಿಗೆ ಕೇರೀನೇ ನಕ್ತು. ಅವನಿಗೂ ನಗು ತಡೀಲಿಲ್ಲ. ಚಾಪೆ ಮೇಲೇ ಕೂತು ಬರೆದುಕೊಟ್ಟ, ಸಣ್ಣ ಸೈಟಿಗೆ ಮುಂಭಾಗದಲ್ಲಿ ಮಾತ್ರ ಮೂರಡಿ ಬಿಟ್ರೆ ಸಾಕು ಅಂತ. ಮುಂದಿನ ತಿಂಗಳು ಪುರಸಭೇನೂ ಒಪ್ತು.

ಈಗ ನಲವತ್ತು ಮನೆ ಎದ್ದಿವೆ. ನಲವತ್ತಕ್ಕೂ ಸುಣ್ಣದ ಗೆರೆ ಎಳೆದಿದ್ದು ನಮ್ಮತ್ತೇನೇ! ಒಂದ್ಸಲ ಬನ್ನಿ, ಎಷ್ಟೇ ಎತ್ತರ ಇದ್ರೂ ನಮ್ಮನೇಲಿ ಕಾಲು ಚಾಚಿ ಮಲಗ್ಬಹುದು!